ಕೊಪ್ಪಳದಿಂದ ಆನ್‌ಲೈನ್ ಓದು: ವೆಬ್‌ಕ್ಯಾಮ್ ಪರೀಕ್ಷೆಯೋ, ಹುಬ್ಬಳ್ಳಿ ಪರೀಕ್ಷೆಯೋ?

ಕೆಲಸ ಬಿಡದೆ ಓದಬೇಕಿತ್ತು. ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಎಂಬಿಎಗೆ ಸೇರಿದೆ. ಜೊತೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನ 12 ವಾರದ ಕೋರ್ಸ್ ತಗೊಂಡೆ. ಒಂದು ಪದವಿ, ಇನ್ನೊಂದು ಬರೀ ಕೋರ್ಸ್. ಹಾಗಾಗಿ ಫೀಸು ಹೋಲಿಸುವುದರಲ್ಲಿ ಅರ್ಥವಿಲ್ಲ. ಪಾಠ, ಪರೀಕ್ಷೆ ಮಾತ್ರ ನೋಡೋಣ.

ಖಾಸಗಿಯವರ ವಿಡಿಯೊ ನೋಡೋಕೆ ಚೆಂದ. ಆದರೆ ಅವರ ಆ್ಯಪ್‌ನಲ್ಲೇ, ನೆಟ್ ಇದ್ದಾಗಲೇ ನೋಡಬೇಕು. ಎನ್‌ಪಿಟೆಲ್ ಪಾಠದಲ್ಲಿ ಥಳುಕಿಲ್ಲ, ಮೇಷ್ಟ್ರು ಬೋರ್ಡ್ ಮುಂದೆ ನಿಂತು ಲೆಕ್ಕ ಬಿಡಿಸುತ್ತಾರೆ ಅಷ್ಟೇ. ವಿಡಿಯೊ ಇಳಿಸಿಕೊಳ್ಳಬಹುದು. ಪಾಠ ಇಂಗ್ಲಿಷಿನಲ್ಲಿದೆ. ಕೆಲವು ಕೋರ್ಸ್‌ಗಳಿಗೆ ಕನ್ನಡ ಪಠ್ಯವೂ ಸಿಗುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಪರೀಕ್ಷೆಯಲ್ಲಿ. ಎಂಬಿಎ ಪರೀಕ್ಷೆ ಮನೆಯಲ್ಲೇ, ವೆಬ್‌ಕ್ಯಾಮ್ ಎದುರು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಸದ್ದಾಗಬಾರದು. ನಮ್ಮದು ಪಡಸಾಲೆ, ಅಡುಗೆಮನೆ ಅಷ್ಟೇ ಇರುವ ಮನೆ. ಅವ್ವ ನೀರು ಕುಡಿಯಲು ಹಾದುಹೋದರೂ ಪರದೆ ಮೇಲೆ ಕೆಂಪು ಎಚ್ಚರಿಕೆ. ನಡುವೆ ಕರೆಂಟ್ ಹೋಯಿತು, ವೈಫೈ ಸತ್ತಿತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ಲಾಗಿನ್ ಆಗುವಷ್ಟರಲ್ಲಿ ಗಡಿಯಾರ ಓಡಿಬಿಟ್ಟಿತ್ತು. ದೂರು ಕೊಟ್ಟೆ. ಸಿದ್ಧ ಉತ್ತರವೊಂದು ಬಂತು. ಬೇರೆ ಕೋಣೆ, ಇನ್ವರ್ಟರ್ ಇದ್ದವರಿಗೆ ಇದೇ ಪರೀಕ್ಷೆ ಸಲೀಸು, ಅಲ್ವಾ?

ಎನ್‌ಪಿಟೆಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದವರು ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು. ನಾನು 1000 ರೂಪಾಯಿ ಕಟ್ಟಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಅರ್ಧ. ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಈ ಎರಡು ಅಂಕಗಳೂ ಸರ್ಟಿಫಿಕೇಟ್ ಮೇಲೆ ಬೇರೆ ಬೇರೆ ಇರುತ್ತವೆ. ಅಸೈನ್‌ಮೆಂಟ್ ನಕಲು ಹೊಡೆದವರ ಬಣ್ಣ ಅಲ್ಲೇ ಬಯಲು. ಹುಬ್ಬಳ್ಳಿ ಕೇಂದ್ರ, ಮಧ್ಯಾಹ್ನದ ಪಾಳಿ ಆರಿಸಿಕೊಂಡೆ, ಬೆಳಿಗ್ಗೆ ರೈಲು ಹತ್ತಿದರೆ ಸಾಕಾಯಿತು. ರೈಲಿನ ಖರ್ಚು, ಒಂದು ದಿನ ಹೋದವು ನಿಜ. ದಿನಗೂಲಿಯವರಿಗೆ ಅದೂ ಭಾರವೇ. ಆದರೂ ಎಲ್ಲರಿಗೂ ಅದೇ ಕಂಪ್ಯೂಟರ್, ಅದೇ ಕರೆಂಟ್. ನನ್ನ ಓಟು ಇದಕ್ಕೇ.

ಪದವಿಯೇ ಬೇಕು ಅನ್ನುವವರು ಆನ್‌ಲೈನ್ ಎಂದು ಹೆದರಬೇಕಿಲ್ಲ. ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿನ ಪದವಿಗೆ ಸಮ ಎಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2022ರಲ್ಲೇ ಹೇಳಿದೆ. ನೀವು ಸೇರುವ ವರ್ಷದ ಯುಜಿಸಿ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ, ಆ ಪದವಿಯ ಹೆಸರಿದೆಯಾ ನೋಡಿ. ಪರೀಕ್ಷೆ ಎಲ್ಲಿ, ನಡುವೆ ಕರೆಂಟ್ ಹೋದರೆ ಏನು ಗತಿ ಎಂದು ಫೀಸು ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಎಲ್ಲದಕ್ಕೂ ಹೂಂ ಅಂತಾರೆ.