ರಿವರ್ಸ್ ಹಾಕಿದರೆ ಮಾತ್ರ ಹಾಡುವ ಸ್ಟೀರಿಯೊ: ಮ್ಯೂಟ್ ವೈರ್ ಹಾಕಿಸುವ ಮೊದಲು ಓದಿ

ಕಾರಿನ ಸ್ಟೀರಿಯೊಗೆ ಮ್ಯೂಟ್ ವೈರ್, ಅಂದರೆ ಬೇಕಾದಾಗ ಸದ್ದು ನಿಲ್ಲಿಸುವ ವೈರ್, ಕೊಡಿಸುವ ಯೋಚನೆ ಇದ್ದವರು ಸ್ವಲ್ಪ ತಡೆಯಿರಿ. ಹಾಸನದ ಬಿ.ಎಂ. ರಸ್ತೆ ಕಡೆಯ ಅಂಗಡಿಯೊಂದರಲ್ಲಿ ನನ್ನ ಸೆಟ್ ಕೆಟ್ಟು ಕೂತಿದ್ದು ಇದೇ ಕೆಲಸದಿಂದ.

ನಾನು ಕೇಳಿದ್ದು ಇಷ್ಟೇ. ರಿವರ್ಸ್ ಗೇರ್ ಬಿದ್ದ ಕೂಡಲೇ ಹಾಡು ನಿಲ್ಲಬೇಕು, ಪಾರ್ಕಿಂಗ್ ಸೆನ್ಸರ್‌ನ ಬೀಪ್ ಕೇಳಿಸಬೇಕು. ಸಕಲೇಶಪುರದ ಎಸ್ಟೇಟ್ ದಾರಿಗಳಲ್ಲಿ ಎದುರಿಗೆ ಜೀಪ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಮಳೆಗಾಲದಲ್ಲಂತೂ ಹಿಂದಿನ ಗಾಜಿನಲ್ಲಿ ಏನೂ ಕಾಣುವುದಿಲ್ಲ.

ಅಂಗಡಿಯ ಹುಡುಗ ಮ್ಯೂಟ್ ವೈರನ್ನು ನೇರವಾಗಿ ರಿವರ್ಸ್ ಲೈಟಿನ ವೈರಿಗೆ ಸುತ್ತಿ ಟೇಪ್ ಹಚ್ಚಿದ. ಅಷ್ಟೇ, ಕಾರು ಮುಂದೆ ಹೋಗುವಾಗ ಸ್ಟೀರಿಯೊ ಮೂಕ, ರಿವರ್ಸ್ ಹಾಕಿದರೆ ಹಾಡು! ವಾಪಸ್ ಹೋಗಿ ಕೇಳಿದ್ದಕ್ಕೆ "ಸೆಟ್ಟೇ ಡೂಪ್ಲಿಕೇಟ್ ಇರಬೇಕು ಸಾರ್, ಸ್ವಲ್ಪ ದಿನ ಓಡಿಸಿ, ಸರಿ ಹೋಗುತ್ತೆ" ಅಂದರು. ಓಡಿಸಿದರೆ ವೈರಿಂಗ್ ಸರಿ ಹೋಗುತ್ತಾ? ಸರಿ ಹೋಗಲಿಲ್ಲ. ಕೊನೆಗೆ ಆ ವೈರ್ ಬಿಚ್ಚಿದರೂ ಸದ್ದೇ ಬರದ ಹಾಗಾಯಿತು.

ಬೇರೊಬ್ಬ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ತೋರಿಸಿದಾಗ ವಿಷಯ ಗೊತ್ತಾಯಿತು. ಸಾಮಾನ್ಯವಾಗಿ ಮ್ಯೂಟ್ ವೈರಿಗೆ ಬೇಕಾದ್ದು 12 ವೋಲ್ಟ್ ಅಲ್ಲ, ಅರ್ತ್, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಕಾರಿನ ಲೋಹದ ಮೈ. ಅರ್ತ್ ತಾಗಿದರೆ ಸೆಟ್ ಸುಮ್ಮನಾಗುತ್ತದೆ. ರಿವರ್ಸ್ ಲೈಟ್ ಆರಿರುವಾಗ ಅದರ ವೈರ್ ಬಲ್ಬಿನ ತಂತಿಯ ಮೂಲಕ ಅರ್ತ್‌ಗೇ ಸೇರಿಕೊಂಡಿರುತ್ತದೆ. ಅದಕ್ಕೇ ಮುಂದೆ ಹೋಗುವಾಗ ಮ್ಯೂಟ್. ರಿವರ್ಸ್ ಹಾಕಿದಾಗ ಅದೇ ವೈರಿನಲ್ಲಿ 12 ವೋಲ್ಟ್ ನೇರ ಸೆಟ್ಟಿನೊಳಗೆ ನುಗ್ಗಿದೆ. ಪ್ರತಿ ಸಲವೂ. ಫ್ಯೂಸ್ ಕಾಪಾಡುತ್ತಿತ್ತಲ್ವಾ ಅಂದೆ. ಫ್ಯೂಸ್ ಇರುವುದು ಪವರ್ ವೈರಿನಲ್ಲಿ, ಮ್ಯೂಟ್ ವೈರಿಗೆ ಅದರಿಂದ ಏನೂ ಉಪಯೋಗವಿಲ್ಲವಂತೆ.

ಮಧ್ಯೆ ಒಂದು ರಿಲೇ, ಅಂದರೆ ಕರೆಂಟ್ ಕೊಟ್ಟರೆ ತಾನೇ ಆನ್ ಆಗುವ ಸ್ವಿಚ್, ಹಾಕಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲೆಲ್ಲ ಸಿಗುವ 12 ವೋಲ್ಟಿನ ಮಾಮೂಲಿ ರಿಲೇ ಸಾಕು. ಅದರ ಪಿನ್‌ಗಳಿಗೆ ನಂಬರ್ ಇರುತ್ತದೆ: 86ಕ್ಕೆ ರಿವರ್ಸ್ ಲೈಟಿನ ವೈರ್, 85 ಅರ್ತ್‌ಗೆ. 30ಕ್ಕೆ ಮ್ಯೂಟ್ ವೈರ್, 87 ಅರ್ತ್‌ಗೆ. 87ಎ ಪಿನ್ ಇದ್ದರೆ ಅದನ್ನು ಮುಟ್ಟಬೇಡಿ, ಅದಕ್ಕೆ ಕೊಟ್ಟರೆ ಮತ್ತೆ ಉಲ್ಟಾ ಆಗುತ್ತದೆ. 85 ಮತ್ತು 86ರ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಪುಟ್ಟ ಭಾಗ) ಒಂದನ್ನು, ಬಿಳಿ ಪಟ್ಟಿ 86ರ ಕಡೆ ಬರುವಂತೆ ಹಾಕಿಸಿ. ರಿಲೇ ಆಫ್ ಆಗುವಾಗ ಹುಟ್ಟುವ ವೋಲ್ಟೇಜ್ ಏಟನ್ನು ಅದು ತಡೆಯುತ್ತದೆ.

ಬಣ್ಣ ನೋಡಿ ವೈರ್ ಗುರುತಿಸುವವರನ್ನು ನಂಬಬೇಡಿ. ಕೆನ್‌ವುಡ್ ಸೆಟ್ಟುಗಳಲ್ಲಿ ಮ್ಯೂಟ್ ವೈರ್ ಕಂದು, ಪಯೋನಿಯರ್‌ನಲ್ಲಿ ಸಾಮಾನ್ಯವಾಗಿ ಹಳದಿಯ ಮೇಲೆ ಕಪ್ಪು ಗೆರೆ. ಸೆಟ್ಟಿನ ಜೊತೆ ಬಂದ ಪುಸ್ತಕ ತೆಗೆಸಿ, ನಿಮ್ಮೆದುರೇ ಓದಿಸಿ. ಅದು ಕಳೆದುಹೋಗಿದ್ದರೆ ಮಾಡೆಲ್ ನಂಬರ್ ಹಾಕಿ ಮೊಬೈಲಿನಲ್ಲೇ ಹುಡುಕಬಹುದು. ಕಾರಿನ ಕಂಪನಿಯವರೇ ಕೊಟ್ಟ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಕತ್ತರಿಸಲು ಬಿಡಬೇಡಿ, ಅಡಾಪ್ಟರ್ ಸಿಗುತ್ತದೆ.

ಬರೀ ಫೋನಿಗಾಗಿ ಮ್ಯೂಟ್ ಬೇಕು ಅನ್ನುವವರಿಗೆ ಈ ತಲೆನೋವೇ ಬೇಡ. ಬ್ಲೂಟೂತ್ ಸೆಟ್ ಆಗಿದ್ದು ಫೋನ್ ಅದಕ್ಕೆ ಜೋಡಿಸಿದ್ದರೆ, ಕಾಲ್ ಬಂದಾಗ ಹಾಡು ತಾನೇ ನಿಲ್ಲುತ್ತದೆ. ಆಗ ಮ್ಯೂಟ್ ವೈರಿನ ತುದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ. ಬರಿ ತುದಿ ಕಾರಿನ ಲೋಹದ ಮೈಗೆ ತಾಗಿದರೂ ಸೆಟ್ ಮೂಕವಾಗುತ್ತದೆ.