ಗೀಸರ್ ‘ಡೈರೆಕ್ಟ್’ ಮಾಡಿಕೊಡ್ತೀನಿ ಅಂದರೆ ಒಪ್ಪಬೇಡಿ

ಗೀಸರ್ ರಿಪೇರಿ ಮಾಡಿಸುತ್ತಿದ್ದೀರಾ? ‘ಡೈರೆಕ್ಟ್’ ಅಂದರೆ ನೀರು ಕಾದಾಗ ಕರೆಂಟ್ ನಿಲ್ಲಿಸುವ ಭಾಗಗಳನ್ನು ಬಿಟ್ಟು ವೈರು ನೇರ ಜೋಡಿಸುವುದು. ಮೆಕ್ಯಾನಿಕ್ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಗೀಸರ್ ಆನ್ ಮಾಡಿ, ನಲ್ಲಿ ತಿರುಗಿಸದೆ ಕಾಯಿರಿ. ನೀರು ಕಾದ ಮೇಲೆ, ಕಾಯಿಸುವಾಗ ಉರಿಯುವ ದೀಪ ತಾನಾಗಿಯೇ ಆರಬೇಕು. ಆರದಿದ್ದರೆ ಸ್ವಿಚ್ ಆಫ್ ಮಾಡಿ, ದುಡ್ಡು ಕೊಡಬೇಡಿ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ನಮ್ಮದು 25 ಲೀಟರ್ ಗೀಸರ್, 2 ಕಿಲೋವ್ಯಾಟ್ ಕಾಯಿಲ್. ಬೆಂಗಳೂರಿನಲ್ಲಿ ಕಾವೇರಿ ನೀರು ಬಾರದ ಬಡಾವಣೆ, ಬೋರ್‌ವೆಲ್ಲೇ ಗತಿ. ಬಕೆಟ್ ಒಳಗೆ ಬಿಳಿ ಪದರ ಕಟ್ಟುವ ನೀರು, ಗೊತ್ತಲ್ವಾ? ಚಳಿ ಶುರುವಾದಾಗ ಗೀಸರ್ ಒಳಗಿಂದ ಗುರುಗುರು ಸದ್ದು ಬರತೊಡಗಿತು. ಆಮೇಲೆ ನೀರು ಉಗುರುಬೆಚ್ಚಗೆ ಆಗುವಷ್ಟರಲ್ಲೇ ಆಫ್ ಆಗುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಕಂಪನಿ ಹೆಸರಿನ ಜೊತೆ ಮೇಲೆಯೇ ಕಂಡ ನಂಬರ್‌ಗೆ ಮನೆಯವರು ಫೋನ್ ಮಾಡಿದರು. ಬಂದವನ ಟೀಶರ್ಟ್ ಮೇಲೆ ಲೋಗೋ ಇತ್ತು. ಕಂಪನಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ ಅನ್ನುವುದು ತಿಳಿದದ್ದು ಆಮೇಲೆ, ವಾರಂಟಿ ಕಾರ್ಡಿನಲ್ಲಿದ್ದ ನಂಬರ್‌ಗೆ ಕರೆ ಮಾಡಿದಾಗ.

ಕೆಳಗಿನ ಮುಚ್ಚಳ ಬಿಚ್ಚಿ, ಹತ್ತು ನಿಮಿಷ ಏನೋ ಮಾಡಿ, ‘ಥರ್ಮೋಸ್ಟಾಟ್ ಹೋಗಿತ್ತು ಮೇಡಂ, ಡೈರೆಕ್ಟ್ ಮಾಡಿದ್ದೀನಿ, ಇನ್ಮೇಲೆ ಸೂಪರ್ ಬಿಸಿ ಬರುತ್ತೆ’ ಅಂದ. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದ್ದದ್ದನ್ನೂ ಸರಿಮಾಡಿದ್ದೇನೆ ಅಂದ. ಅದಕ್ಕೆ ಬೇರೆ ಚಾರ್ಜು.

ಬಿಸಿ ಏನೋ ಬಂತು. ಮಾರನೇ ದಿನ ಬೆಳಿಗ್ಗೆ ಅಮ್ಮ ಬಕೆಟ್ ತುಂಬಿಸಲು ಹೋದರು. ನಲ್ಲಿ ಒಂದಿಷ್ಟು ತಿರುಗಿಸಿದ್ದೇ ತಡ, ಬುಸ್ ಅಂತ ಹಬೆ, ಅದರ ಹಿಂದೆ ಕೊತಕೊತ ಕುದಿಯುವ ನೀರು ಚಿಮ್ಮಿ ಚಿಮ್ಮಿ ಬಂತು. ಅವರು ಪಕ್ಕಕ್ಕೆ ನಿಂತಿದ್ದರಿಂದ ಪಾದದ ಮೇಲೆ ಮಾತ್ರ ಸಿಡಿಯಿತು. ದೀಪ ಇನ್ನೂ ಉರಿಯುತ್ತಲೇ ಇತ್ತು. ಬಾತ್‌ರೂಮಿನ ಸ್ವಿಚ್ ಮುಟ್ಟಲು ಧೈರ್ಯ ಬರದೆ ಹಾಲ್‌ನಲ್ಲಿರುವ ಎಂಸಿಬಿ (ಕರೆಂಟ್ ಅತಿಯಾದರೆ ತಾನಾಗಿ ಬೀಳುವ ಸ್ವಿಚ್) ಕೆಳಗಿಳಿಸಿದೆ. ಸಂಜೆ ಪೂರ್ತಿ ತಣಿಯುವವರೆಗೆ ಯಾರೂ ಆ ಕಡೆ ಹೋಗಲಿಲ್ಲ. ನಿಮಗೆ ಹೀಗಾದರೂ ಅಷ್ಟೇ ಮಾಡಿ. ಕರೆಂಟ್ ತೆಗೆದು ದೂರ ಇರಿ, ನಲ್ಲಿ ಬಿಟ್ಟು ಖಾಲಿ ಮಾಡಲು ಹೋಗಬೇಡಿ.

ನಮ್ಮ ರಸ್ತೆಯ ಹಳೇ ಎಲೆಕ್ಟ್ರಿಷಿಯನ್ ಬಂದು ಮುಚ್ಚಳ ಬಿಚ್ಚಿದಾಗ ಕಂಡದ್ದು: ಮೊದಲು ಬಂದವನು, ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಮತ್ತು ಬಿಸಿ ಅತಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಎರಡನ್ನೂ ಬಿಟ್ಟು ವೈರುಗಳನ್ನು ನೇರ ಸುತ್ತಿ ಟೇಪ್ ಹಚ್ಚಿದ್ದಾನೆ. ಟೇಪ್ ಕರಗಿ ಕಪ್ಪಗೆ ಅಂಟಿಕೊಂಡಿತ್ತು. ಸೇಫ್ಟಿ ವಾಲ್ವ್‌ನ ಬಾಯಿಗೆ ಎಂ-ಸೀಲ್ (ಒಣಗಿದರೆ ಕಲ್ಲಿನಂತಾಗುವ ಅಂಟು) ಮೆತ್ತಿದ್ದಾನೆ! ಅಂದರೆ ನೀರು ಎಷ್ಟು ಕಾದರೂ ಕರೆಂಟ್ ನಿಲ್ಲುವುದಿಲ್ಲ, ಒತ್ತಡ ಎಷ್ಟು ಏರಿದರೂ ಹೊರಹೋಗಲು ದಾರಿಯಿಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಟ್ಯಾಂಕ್ ಸೀಳಿದ ಕ್ಷಣ ಅದರಲ್ಲೊಂದು ಪಾಲು ಒಟ್ಟಿಗೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ 1,600 ಲೀಟರ್‌ಗೂ ಜಾಸ್ತಿ ಜಾಗ ಬೇಕು. ಗೋಡೆ ಒಡೆಯುವುದು ಹೀಗೆಯೇ.

ಆ ವಾಲ್ವ್ ತೊಟ್ಟಿಕ್ಕುವುದು ರೋಗವೇ ಅಲ್ಲ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾದರೆ ಹಿಗ್ಗಿ ಸುಮಾರು 350 ಮಿಲಿಲೀಟರ್‌ನಷ್ಟು ಜಾಸ್ತಿಯಾಗುತ್ತದೆ. ವಾಲ್ವ್ ಅದನ್ನು ನೀರು ಬರುವ ಪೈಪಿಗೆ ವಾಪಸ್ ಬಿಡುವುದಿಲ್ಲ, ಹಾಗಾಗಿ ಅದು ಹನಿಹನಿಯಾಗಿ ಹೊರಬರಲೇಬೇಕು. ಕಾಯುವಾಗ ಮಾತ್ರ ಹನಿ ಬಿದ್ದರೆ ಒಳ್ಳೆಯದೇ. ಆಫ್ ಇದ್ದಾಗಲೂ ಸುರಿಯುತ್ತಿದ್ದರೆ ಹೊಸ ವಾಲ್ವ್ ಹಾಕಿಸಿ. ಬಾಯಿ ಮುಚ್ಚುವುದು ಯಾವ ಕಾಲಕ್ಕೂ ರಿಪೇರಿ ಅಲ್ಲ.

ನಿಜವಾದ ತೊಂದರೆ ಏನಿತ್ತು ಗೊತ್ತಾ? ಉಪ್ಪು. ಕಾಯಿಲ್ ಹೊರಗೆಳೆದರೆ ತಾಮ್ರ ಕಾಣಲೇ ಇಲ್ಲ, ಸುತ್ತಲೂ ಹೆಬ್ಬೆರಳು ದಪ್ಪ ಬಿಳಿ ಗಾರೆ. ಟ್ಯಾಂಕ್ ತಳದಿಂದ ಒಂದು ಮಗ್‌ನಷ್ಟು ಚೂರು ಬಿತ್ತು. ಆ ಗಾರೆಯ ನಡುವೆ ಬಿಸಿ ಸಿಕ್ಕಿಕೊಂಡು ಕಟ್‌ಔಟ್ ತನ್ನ ಕೆಲಸ ತಾನು ಮಾಡುತ್ತಿತ್ತು, ಅಷ್ಟೇ. ಮೆಗ್ನೀಸಿಯಂ ರಾಡ್ ಇದ್ದ ಜಾಗದಲ್ಲಿ ತೆಳ್ಳಗಿನ ತಂತಿ ಉಳಿದಿತ್ತು. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನು ಸವೆಯುವುದೇ ಆ ರಾಡ್‌ನ ಕೆಲಸ. ಹೊಸ ಕಾಯಿಲ್, ರಾಡ್, ಗ್ಯಾಸ್ಕೆಟ್, ವಾಲ್ವ್, ಕಟ್‌ಔಟ್ ಹಾಕಿದರು. ಥರ್ಮೋಸ್ಟಾಟ್ ಚೆನ್ನಾಗಿಯೇ ಇತ್ತು, ಅದನ್ನೇ ವಾಪಸ್ ಜೋಡಿಸಿದರು.

ಉಪ್ಪು ಕಟ್ಟಿದರೆ ಕರೆಂಟ್ ಬಿಲ್ ಡಬಲ್ ಅಂತ ಹೆದರಿಸುವವರೂ ಇದ್ದಾರೆ. ನಂಬಬೇಡಿ. ಕಾಯಿಲ್ ನೀರಿನೊಳಗೇ ಇರುವುದರಿಂದ ಬಿಸಿ ಕೊನೆಗೂ ನೀರಿಗೇ ಹೋಗುತ್ತದೆ. ಕಾಯಿಲ್ ಸುಟ್ಟುಹೋಗುತ್ತದೆ, ಸೀಳಿದರೆ ನೀರಿಗೆ ಕರೆಂಟ್ ಇಳಿಯುತ್ತದೆ, ಅದು ಬೇರೆ ಭಯ. ಅದಕ್ಕೇ ಒಳ್ಳೆಯ ಅರ್ಥಿಂಗ್ ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲಿ, ಬರೀ ಎಂಸಿಬಿ ಶಾಕ್ ತಡೆಯುವುದಿಲ್ಲ.

ಬಿಲ್ ಏರುವುದು ಸುಮ್ನೆ ದಿನವಿಡೀ ಆನ್ ಇಡುವುದರಿಂದ. 25 ಲೀಟರ್ 60 ಡಿಗ್ರಿಗೆ ಕಾಯಲು ಸುಮಾರು ಒಂದು ಯೂನಿಟ್, ಅರ್ಧ ಗಂಟೆ ಸಾಕು. ಸ್ನಾನಕ್ಕೆ ಅಷ್ಟು ಮುಂಚೆ ಹಾಕಿ, ಆಮೇಲೆ ಆರಿಸಿ. ಬಿಸಿ ಹೊಂದಿಸುವ ಗುಬ್ಬಿಯನ್ನು 60ರ ಹತ್ತಿರ ಇಡಿ, 75ಕ್ಕೆ ತಿರುಗಿಸಿದಷ್ಟೂ ಉಪ್ಪು ಬೇಗ ಕಟ್ಟುತ್ತದೆ. ಬೋರ್ ನೀರಿದ್ದರೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ರಾಡ್ ಎಷ್ಟು ಉಳಿದಿದೆ ಕಣ್ಣಾರೆ ನೋಡಿ. ಬದಲಾಯಿಸಿದ ಹಳೇ ಪಾರ್ಟ್ ಕೇಳಿ ಇಟ್ಟುಕೊಳ್ಳಿ.

ಮೊದಲು ಬಂದವನಿಗೆ ಫೋನ್ ಮಾಡಿದರೆ ‘ಬಿಸಿ ಬರ್ತಿಲ್ಲ ಅಂದಿದ್ದು ನೀವೇ ಅಲ್ವಾ’ ಅಂದು ಕಟ್ ಮಾಡಿದ. ನಮ್ಮ ಬಿಲ್ಡಿಂಗ್‌ನ ಮೇಲಿನ ಮನೆಗೂ ಅವನೇ ಸರ್ವಿಸ್ ಮಾಡಿದ್ದ. ಅದೇ ಸಂಜೆ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಹೋಗಿ ನೋಡಿದೆವು. ಅಲ್ಲೂ ವಾಲ್ವ್‌ನ ಬಾಯಿಗೆ ಎಂ-ಸೀಲ್.