ಎರಡನೇ ಸಲ, ಸರಿಯಾದ ಕ್ರಮದಲ್ಲಿ: ವಿಚರ್ ಪುಸ್ತಕಗಳ ಜೊತೆ ಹನ್ನೊಂದು ವರ್ಷ

'ವಿಚರ್' ಎಂಬ ಪೋಲಿಶ್ ಫ್ಯಾಂಟಸಿ ಸರಣಿಯ ಮೊದಲ ಪುಸ್ತಕ ನನ್ನ ಕೈಗೆ ಇಂಗ್ಲಿಷ್ ಅನುವಾದದಲ್ಲಿ ಬಂದಿದ್ದು 2014ರಲ್ಲಿ. ಒಂಬತ್ತನೆಯದನ್ನು ಮುಗಿಸಿದ್ದು 2025ರ ಕೊನೆಗೆ. ನಡುವೆ ಮುಖ್ಯವಾದ ಏಳು ಪುಸ್ತಕಗಳನ್ನು ಇನ್ನೊಂದು ಸಲ ಮೊದಲಿಂದ ಓದಿದ್ದೇನೆ. ಇದರಿಂದ ಮಾಡಿದ ವಿಡಿಯೋ ಗೇಮ್ ಆಡಿದವರು, ನೆಟ್‌ಫ್ಲಿಕ್ಸ್ ಸೀರೀಸ್ ನೋಡಿದವರು ತುಂಬ ಜನ ಇದ್ದಾರೆ. ಪುಸ್ತಕ ಓದಿದವರು ಕಡಿಮೆ. ಓದೋಣ ಅಂತ ಇರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವುದರಿಂದ ಶುರು ಮಾಡಬೇಕು? ಆ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು. ಯಾಕಂದರೆ ಮೊದಲ ಸಲ ನಾನು ತಪ್ಪು ಕ್ರಮದಲ್ಲಿ ಓದಿದೆ. ಅದರಿಂದ ಕಳೆದುಕೊಂಡಿದ್ದು ಏನು ಅಂತ ಗೊತ್ತಾಗಲು ಎರಡನೇ ಓದೇ ಬೇಕಾಯಿತು.

ಬರೆದವರು ಆಂಜೇಯ್ ಸಪ್ಕೋವ್‌ಸ್ಕಿ. ಪೋಲೆಂಡಿನ ವುಚ್ ನಗರದವರು, 1948ರಲ್ಲಿ ಹುಟ್ಟಿದವರು, ವಿದೇಶಿ ವ್ಯಾಪಾರದ ಕೆಲಸದಲ್ಲಿದ್ದವರು. 'ಫಾಂತಾಸ್ತಿಕಾ' ಎಂಬ ಪತ್ರಿಕೆಯ ಕಥಾಸ್ಪರ್ಧೆಗೆ ಬರೆದು, 1986ರಲ್ಲಿ ಅದರಲ್ಲೇ ಅಚ್ಚಾದ ಒಂದು ಸಣ್ಣಕಥೆಯಿಂದ ಇದೆಲ್ಲ ಶುರುವಾಯಿತು. ಆ ಕಥೆಗೆ ಬಂದಿದ್ದು ಮೂರನೇ ಬಹುಮಾನ. ಕಥಾನಾಯಕ ಗೆರಾಲ್ಟ್. ದುಡ್ಡು ತಗೊಂಡು ದೆವ್ವ, ಪಿಶಾಚಿ, ವಿಕಾರ ಪ್ರಾಣಿಗಳನ್ನು ಕೊಲ್ಲುವುದು ಅವನ ಕಸುಬು. ಆ ಕಸುಬಿನವರಿಗೆ ಪೋಲಿಶ್‌ನಲ್ಲಿ 'ವ್ಯೆಜ್ಮಿನ್' ಅಂತ ಹೆಸರು. ಮಾಟಗಾತಿಗೆ ಅಲ್ಲಿ 'ವ್ಯೆಜ್ಮಾ' ಅನ್ನುತ್ತಾರೆ, ಅದರಿಂದ ಮಾಡಿಕೊಂಡ ಗಂಡು ರೂಪ ಇದು. ಆ ಪದದ ಮೂಲ 'ತಿಳಿ' ಎಂಬ ಅರ್ಥದ್ದು, ನಮ್ಮ 'ವೇದ' ಪದಕ್ಕೂ ಅದಕ್ಕೂ ಬೇರು ಒಂದೇ. ಇಂಗ್ಲಿಷಿನ 'ವಿಚರ್' ಅನ್ನುವಾಗ ಆ ತಿಳಿವಳಿಕೆಯ ನೆರಳು ಹೋಗಿಬಿಡುತ್ತದೆ. ಆದರೆ ಇದಕ್ಕಿಂತ ಒಳ್ಳೆಯ ಪದ ಇಂಗ್ಲಿಷಿನಲ್ಲಿ ಸಿಗುತ್ತಿತ್ತು ಅಂತ ನನಗೂ ಅನ್ನಿಸುವುದಿಲ್ಲ.

ಈಗ ಕ್ರಮದ ವಿಷಯ. ಸರಣಿಯಲ್ಲಿ ಮೊದಲು ಎರಡು ಕಥಾಸಂಕಲನ ಇವೆ: 'ದಿ ಲಾಸ್ಟ್ ವಿಶ್' ಮತ್ತು 'ಸ್ವೋರ್ಡ್ ಆಫ್ ಡೆಸ್ಟಿನಿ'. ಆಮೇಲೆ ಐದು ಕಾದಂಬರಿಗಳ ದೊಡ್ಡ ಕಥೆ. ಪೋಲಿಶ್ ಓದುಗರ ಕೈಯಲ್ಲಿ ಎರಡೂ ಸಂಕಲನ 1993ರ ಹೊತ್ತಿಗೇ ಇದ್ದವು. ಮೊದಲ ಕಾದಂಬರಿ ಬಂದಿದ್ದು 1994ರಲ್ಲಿ, ಐದನೆಯದು 1999ರಲ್ಲಿ. ಇಂಗ್ಲಿಷಿನಲ್ಲಿ ಹಾಗಾಗಲಿಲ್ಲ. 2007ರಲ್ಲಿ 'ದಿ ಲಾಸ್ಟ್ ವಿಶ್' ಬಂತು. 2008ರಲ್ಲಿ ನೇರ ಮೊದಲ ಕಾದಂಬರಿ 'ಬ್ಲಡ್ ಆಫ್ ಎಲ್ವ್ಸ್'. 2013, 2014ರಲ್ಲಿ ಎರಡನೆಯದು, ಮೂರನೆಯದು. 'ಸ್ವೋರ್ಡ್ ಆಫ್ ಡೆಸ್ಟಿನಿ' ಬಂದಿದ್ದು 2015ರಲ್ಲಿ. ಅಂದರೆ ಎರಡನೇ ಪುಸ್ತಕ ಐದನೆಯದಾಗಿ ಬಂತು.

ನಾನು 2014ರಲ್ಲಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ಓದಿದೆ. 'ಬ್ಲಡ್ ಆಫ್ ಎಲ್ವ್ಸ್' ತೆರೆದರೆ ಸಿರಿ ಎಂಬ ಹುಡುಗಿ ಉರಿಯುವ ಊರಿನ ಕನಸು ಕಂಡು ಕಿರುಚಿ ಏಳುತ್ತಾಳೆ. ಪಕ್ಕದಲ್ಲಿ ಗೆರಾಲ್ಟ್ ಇದ್ದಾನೆ, ಸಮಾಧಾನ ಮಾಡುತ್ತಾನೆ. ಹಿಂದಿನ ಪುಸ್ತಕದಲ್ಲಿ ಅವಳು ಇನ್ನೂ ಹುಟ್ಟೇ ಇರಲಿಲ್ಲ, ತಾಯಿಯ ಹೊಟ್ಟೆಯಲ್ಲಿದ್ದಳು. ಯಾವಾಗ ಬೆಳೆದಳು? ಇವನ ಹತ್ತಿರ ಹೇಗೆ ಬಂದಳು? ಇವನು ಅವಳನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾನೆ? ಒಂದೂ ಗೊತ್ತಾಗಲಿಲ್ಲ. ಲೇಖಕರು ಬೇಕಂತಲೇ ಮುಚ್ಚಿಟ್ಟಿದ್ದಾರೆ ಅಂದುಕೊಂಡು ಓದುತ್ತಾ ಹೋದೆ. ಮೂರು ಕಾದಂಬರಿ ಉದ್ದಕ್ಕೂ ಗೆರಾಲ್ಟ್ ಆ ಹುಡುಗಿಗಾಗಿ ಏನೆಲ್ಲ ಪಾಡುಪಟ್ಟರೂ ನನಗೆ ಅದು ಗೌರವ ಹುಟ್ಟಿಸಿತೇ ಹೊರತು ಮನಸ್ಸಿಗೆ ನಾಟಲಿಲ್ಲ.

ಆಮೇಲೆ 2015ರಲ್ಲಿ ಆ ಬಿಟ್ಟುಹೋದ ಪುಸ್ತಕ ಬಂತು. ಉತ್ತರವೆಲ್ಲ ಅದರಲ್ಲೇ ಇತ್ತು.

ಅದರಲ್ಲಿನ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಬ್ರೋಕಿಲಾನ್ ಎಂಬ ಕಾಡು. ಅಲ್ಲಿ ಗೆರಾಲ್ಟ್‌ಗೆ ಮೊದಲ ಸಲ ಸಿರಿ ಸಿಗುತ್ತಾಳೆ, ಒಂದು ದೈತ್ಯ ಜರಿಹುಳದ ಬಾಯಿಂದ ಅವಳನ್ನು ಉಳಿಸುತ್ತಾನೆ. ರಾತ್ರಿ ಮಲಗುವಾಗ ಅವಳಿಗೆ ಕಥೆ ಬೇಕು. ಗೆರಾಲ್ಟ್‌ಗೆ ಕಥೆ ಹೇಳಿ ಅಭ್ಯಾಸವಿಲ್ಲ. ಒಂದು ಬೆಕ್ಕು ಇತ್ತು, ಕಾಡಿಗೆ ಹೊರಟಿತು, ನಡೀತು, ನಡೀತು, ನಡೀತು ಅಂತ ಎಳೆಯುತ್ತಾನೆ. ಬೆಕ್ಕು ಕಾಡು ಮುಟ್ಟುವುದರೊಳಗೆ ನಾನು ಮಲಗಿಬಿಡ್ತೀನಿ ಅಂದುಕೋಬೇಡ ಅನ್ನುತ್ತಾಳೆ ಅವಳು, ಅವನಿಗೆ ಒತ್ತಿಕೊಂಡು. ಆಮೇಲೆ ಕಥೆಯಲ್ಲಿ ನರಿ ಬರುತ್ತದೆ. ಬೇಟೆಗಾರರಿಂದ ತಪ್ಪಿಸಿಕೊಳ್ಳಲು ತನಗೆ ಸಾವಿರಕ್ಕೂ ಹೆಚ್ಚು ಉಪಾಯ ಗೊತ್ತು ಅನ್ನುತ್ತದೆ. ಬೆಕ್ಕಿಗೆ ಗೊತ್ತಿರುವುದು ಒಂದೇ, ಮರ ಹತ್ತುವುದು. ಇನ್ನೊಂದು ಪಕ್ಕದಲ್ಲಿ ಬ್ರೇನ್ ಎಂಬ ವನದೇವತೆ. ಬಿಲ್ಲು ಹಿಡಿದು ಮನುಷ್ಯರನ್ನು ಕೊಲ್ಲುವವಳು ಅವಳು. ಅವಳೂ ಮೆಲ್ಲಗೆ ಹತ್ತಿರ ಸರಿದು ಕಥೆ ಕೇಳುತ್ತಿದ್ದಾಳೆ.

ನಮಗೆ ಇದು ಗೊತ್ತಿರುವ ಕಥೆ. ಪಂಚತಂತ್ರದಲ್ಲಿ ಶತಬುದ್ಧಿ, ಸಹಸ್ರಬುದ್ಧಿ ಅನ್ನುವ ಮೀನುಗಳು, ಏಕಬುದ್ಧಿ ಅನ್ನುವ ಕಪ್ಪೆ ಇವೆಯಲ್ಲ, ಅವುಗಳ ದೂರದ ನೆಂಟರು ಈ ನರಿ, ಬೆಕ್ಕು. ನನ್ನ ಅಕ್ಕನ ಮಗಳಿಗೆ ಆಗ ಆರು ವರ್ಷ. ಒಂದು ರಾತ್ರಿ ಅವಳಿಗೆ ಇದನ್ನೇ ಕನ್ನಡದಲ್ಲಿ ಹೇಳಿದೆ. ನರಿ ಬೆಕ್ಕಿಗೆ ಹೇಳುವ ಒಂದು ಮಾತಿದೆ: ನಮ್ಮ ತುಪ್ಪಳ ಸುಲಿದು ಹೆಂಗಸರಿಗೆ 'ಮಫ್' ಮಾಡುತ್ತಾರೆ ಅಂತ. ಪುಸ್ತಕದಲ್ಲಿ ಸಿರಿ ಕಥೆ ನಿಲ್ಲಿಸಿ ಮಫ್ ಅಂದರೇನು ಅಂತ ಕೇಳುತ್ತಾಳೆ. ನಾನು ಆ ಪದವನ್ನು ಹಾಗೇ ಬಿಟ್ಟಿದ್ದೆ. "ಚಿಕ್ಕಮ್ಮ, ಮಫ್ ಅಂದ್ರೇನು?" ಅಂತ ನಮ್ಮ ಹುಡುಗಿಯೂ ಅಲ್ಲೇ ನಿಲ್ಲಿಸಿದಳು. ಚಳಿಗೆ ಎರಡೂ ಕೈ ತೂರಿಸಿ ಇಟ್ಟುಕೊಳ್ಳುವ ತುಪ್ಪಳದ ಚೀಲ ಅಂದೆ. ಅವಳು ಹೊದಿಕೆಯೊಳಗೆ ಕೈ ತೂರಿಸಿ ತೋರಿಸಿದಳು, ಹೀಗಾ ಅಂತ. ಪೋಲಿಶ್‌ನಲ್ಲಿ ಬರೆದು, ಇಂಗ್ಲಿಷಿಗೆ ಹೋಗಿ, ನನ್ನ ಬಾಯಲ್ಲಿ ಕನ್ನಡಕ್ಕೆ ಬಂದ ಮೇಲೂ ಮಗು ಅದೇ ಜಾಗದಲ್ಲಿ ಅದೇ ಪ್ರಶ್ನೆ ಕೇಳಿತು. ಈ ಲೇಖಕರಿಗೆ ಮಕ್ಕಳು ಕಥೆ ಕೇಳುವ ರೀತಿ ಎಷ್ಟು ಚೆನ್ನಾಗಿ ಗೊತ್ತು ಅಂತ ಆವತ್ತು ಅರ್ಥವಾಯಿತು.

ಅದೇ ಸಂಕಲನದ ಕೊನೆಯ ಕಥೆ 'ಸಮ್‌ಥಿಂಗ್ ಮೋರ್'. ಯೂರ್ಗಾ ಎಂಬ ವ್ಯಾಪಾರಿಯನ್ನು ಗೆರಾಲ್ಟ್ ಉಳಿಸುತ್ತಾನೆ. ಮನೆಗೆ ಹೋದಾಗ ನೀನು ನಿರೀಕ್ಷಿಸದೇ ಇದ್ದದ್ದು ಏನು ಕಾಣುತ್ತದೋ ಅದನ್ನು ನನಗೆ ಕೊಡಬೇಕು ಅಂತ ಮಾತು ತಗೊಳ್ಳುತ್ತಾನೆ. ಆ ಮನೆಯಲ್ಲಿ ಏನಿತ್ತು ಅಂತ ನಾನು ಹೇಳುವುದಿಲ್ಲ. ಆ ಕಥೆಯ ಕೊನೆಯ ಪುಟ ಓದಿಯೇ 'ಬ್ಲಡ್ ಆಫ್ ಎಲ್ವ್ಸ್'ನ ಮೊದಲ ಪುಟಕ್ಕೆ ಹೋಗಬೇಕು. ಎರಡನೇ ಸಲ ನಾನು ಹಾಗೇ ಮಾಡಿದೆ. ಸಿರಿ ಕನಸು ಕಂಡು ಕಿರುಚಿದಾಗ ನನಗೆ ಗಂಟಲು ಕಟ್ಟಿತು. ಅದೇ ಪುಟ, ಅದೇ ಪದಗಳು. ಮೊದಲ ಸಲ ಏನೂ ಅನ್ನಿಸದೆ ದಾಟಿಹೋಗಿದ್ದೆ.

ಹಾಗಾಗಿ ಸಂಕಲನ ಅಂದರೆ ಬಿಡಿ ಕಥೆಗಳು, ಆಮೇಲೆ ಓದಿದರಾಯ್ತು ಅಂತ ದಯವಿಟ್ಟು ಬಿಡಬೇಡಿ. ಕಾದಂಬರಿ ಬೇಡ ಅನ್ನಿಸಿದರೂ ಈ ಎರಡನ್ನು ಓದಿ. 'ಎ ಲಿಟಲ್ ಸ್ಯಾಕ್ರಿಫೈಸ್' ಎಂಬ ಕಥೆ ಇದೆ, ಎಸ್ಸಿ ಎಂಬ ಹಾಡುಗಾರ್ತಿಯದು. ಅವಳ ನೀಲಿ ಮುತ್ತಿನ ಮಾತು ಬರುವ ಕೊನೆಯ ಕೆಲವು ಸಾಲುಗಳನ್ನು ಈಗಲೂ ನನಗೆ ಜೋರಾಗಿ ಓದಲು ಆಗುವುದಿಲ್ಲ.

ಅನುವಾದ ಇಬ್ಬರದು. ಮೊದಲ ಸಂಕಲನ ಮತ್ತು ಮೊದಲ ಕಾದಂಬರಿ ದನೂಸ್ಯಾ ಸ್ಟೋಕ್ ಅವರದು, ಮಿಕ್ಕಿದ್ದೆಲ್ಲ ಡೇವಿಡ್ ಫ್ರೆಂಚ್ ಅವರದು. ಎರಡನೇ ಕಾದಂಬರಿ 'ಟೈಮ್ ಆಫ್ ಕಂಟೆಂಪ್ಟ್'ಗೆ ಬಂದ ಕೂಡಲೇ ಕೈ ಬದಲಾಗಿದ್ದು ಗೊತ್ತಾಗುತ್ತದೆ. ಸ್ಟೋಕ್ ಅವರ ವಾಕ್ಯ ಚಿಕ್ಕದು, ನೇರ, ಸ್ವಲ್ಪ ಒಣಕಲು. ಭಯದ ಕಥೆಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಫ್ರೆಂಚ್ ಅವರಲ್ಲಿ ಮಾತುಕತೆಗೆ ಜೀವ ಜಾಸ್ತಿ. ಡ್ವಾರ್ಫ್ ಎಂಬ ಕುಳ್ಳ ಜನಾಂಗದವರ ಬೈಗುಳ, ರೈತರ ಮಾತು, ಆಸ್ಥಾನದ ಮಾತು ಬೇರೆ ಬೇರೆಯಾಗಿ ಕೇಳಿಸುತ್ತವೆ. ನನ್ನ ಓಟು ಫ್ರೆಂಚ್ ಅವರಿಗೆ. ಆದರೆ ಹಳ್ಳಿ ಮಾತಿಗೆ ಹಳೆಯ ಕಾಲದ ಇಂಗ್ಲಿಷ್ ಬಳಸಿರುವ ಕಡೆ ನಮ್ಮಂಥವರು ನಿಧಾನವಾಗಿ ಓದಬೇಕಾಗುತ್ತದೆ. ಮೊದಲ ಹತ್ತು ಪುಟ ಕಷ್ಟ, ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ.

ಹೆಸರುಗಳ ಗೊಂದಲ ಬೇರೆ. ಗೆರಾಲ್ಟ್‌ನ ಕವಿಗೆಳೆಯನ ಹೆಸರು ಪೋಲಿಶ್‌ನಲ್ಲಿ ಯಾಸ್ಕಿಯೆರ್. ಅದೊಂದು ಹಳದಿ ಹೂವು, ಬಟರ್‌ಕಪ್. ಇಂಗ್ಲಿಷ್ ಪುಸ್ತಕದಲ್ಲಿ ಅವನು ಡ್ಯಾಂಡಲಿಯನ್. ಅದೂ ಹಳದಿ ಹೂವೇ, ಆದರೆ ಹೂವು ಬೇರೆ. ನೆಟ್‌ಫ್ಲಿಕ್ಸ್ ಸೀರೀಸ್‌ನಲ್ಲಿ ಮತ್ತೆ ಯಾಸ್ಕಿಯೆರ್. ಸೀರೀಸ್ ನೋಡಿ ಪುಸ್ತಕಕ್ಕೆ ಬರುವವರು ಇಬ್ಬರೂ ಒಬ್ಬನೇ ಅಂತ ನೆನಪಿಟ್ಟುಕೊಳ್ಳಿ. ನಾಲ್ಕನೇ ಕಾದಂಬರಿಯ ಹೆಸರೂ ಹೀಗೇ. ಬ್ರಿಟನ್ ಮುದ್ರಣದಲ್ಲಿ 'ದಿ ಟವರ್ ಆಫ್ ದಿ ಸ್ವಾಲೋ', ಅಮೆರಿಕದ್ದರಲ್ಲಿ 'ದಿ ಟವರ್ ಆಫ್ ಸ್ವಾಲೋಸ್'. ಪುಸ್ತಕ ಒಂದೇ, ಎರಡು ಸಲ ಕೊಳ್ಳಬೇಡಿ. ಸರಿಯಾದದ್ದು ಮೊದಲನೆಯದು. ಸ್ವಾಲೋ ಅಂದರೆ ಒಂದು ಹಕ್ಕಿ. ಕಥೆಯಲ್ಲಿ ಆ ಹಕ್ಕಿ ಒಂದೇ, ಅದು ಸಿರಿ. ಎಲ್ಫ್ ಎಂಬ ಜನಾಂಗದ ಭಾಷೆಯಲ್ಲಿ ಅವಳ ಹೆಸರು ಜಿರಾಯೆಲ್, ಅಂದರೆ ಆ ಹಕ್ಕಿಯೇ.

ಐದು ಕಾದಂಬರಿಗಳಲ್ಲಿ ನನಗೆ ತುಂಬ ಇಷ್ಟ 'ಬ್ಯಾಪ್ಟಿಸಮ್ ಆಫ್ ಫೈರ್'. ಗಾಯದಿಂದ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ಗೆರಾಲ್ಟ್ ಸಿರಿಯನ್ನು ಹುಡುಕುತ್ತಾ ಹೊರಡುತ್ತಾನೆ. ಒಬ್ಬನೇ ಹೋಗಬೇಕು ಅನ್ನುವುದು ಅವನ ಹಟ. ಆದರೆ ದಾರಿಯಲ್ಲಿ ಒಬ್ಬೊಬ್ಬರೇ ಸೇರಿಕೊಳ್ಳುತ್ತಾರೆ: ಬಿಲ್ಲುಗಾರ್ತಿ ಮಿಲ್ವಾ, ಶತ್ರು ಸೈನ್ಯದಿಂದ ಬಂದ ಕಾಹಿರ್, ರಕ್ತ ಕುಡಿಯುವುದನ್ನು ಬಿಟ್ಟು ನಾಟಿವೈದ್ಯ ಮಾಡಿಕೊಂಡಿರುವ ರಕ್ತಪಿಶಾಚಿ ರೇಗಿಸ್, ಜೊತೆಗೆ ಆ ಕವಿ. ಒಂದು ಕಡೆ ಎಲ್ಲರೂ ಸೇರಿ ಮೀನಿನ ಸಾರು ಮಾಡುತ್ತಾರೆ. ಯುದ್ಧ ಇಲ್ಲ, ಮಂತ್ರ ಇಲ್ಲ, ಸುಮ್ನೆ ಅಡುಗೆ. ಪಾತ್ರೆ ಒಲೆಯಿಂದ ಇಳಿಯುವ ಹೊತ್ತಿಗೆ ಒಬ್ಬರನ್ನೊಬ್ಬರು ನಂಬದಿದ್ದವರು ಒಂದು ಮನೆಯವರ ಹಾಗೆ ಆಗಿರುತ್ತಾರೆ. ನಾನು ಓದಿದ ಫ್ಯಾಂಟಸಿಯಲ್ಲಿ ಇಂಥ ಇನ್ನೊಂದು ದೃಶ್ಯ ನೆನಪಿಗೆ ಬರುವುದಿಲ್ಲ.

ಕಷ್ಟದ ಜಾಗಗಳೂ ಇವೆ. 'ಬ್ಲಡ್ ಆಫ್ ಎಲ್ವ್ಸ್' ಒಂದು ಪೂರ್ತಿ ಕಾದಂಬರಿ ಅನ್ನಿಸುವುದಿಲ್ಲ, ದೊಡ್ಡ ಪೀಠಿಕೆ ಅಷ್ಟೆ. ರಾಜರು ಗುಟ್ಟಾಗಿ ಕೂತು ಮಾತಾಡುವ ಅಧ್ಯಾಯದಲ್ಲಿ ಒಂದೇ ಸಲಕ್ಕೆ ಐದು ಹೆಸರು ಬರುತ್ತವೆ. ನನ್ನ ಪ್ರತಿಗಳಲ್ಲಿ ನಕ್ಷೆ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ರಾಜ್ಯ, ರಾಜ, ಯಾರ ಪಕ್ಷ ಅಂತ ಮೂರು ಕಾಲಂ ಹಾಕಿ ಬರೆದುಕೊಂಡೆ. ಮೂರನೇ ಪುಸ್ತಕದವರೆಗೂ ಅದು ಬೇಕಾಯಿತು. ಕೊನೆಯ ಎರಡು ಕಾದಂಬರಿಗಳಲ್ಲಿ ಕಥೆ ಹಿಂದೆ ಮುಂದೆ ಹಾರುತ್ತದೆ. ಗಾಯಗೊಂಡ ಸಿರಿ ಜೌಗು ನೆಲದ ಗುಡಿಸಲಲ್ಲಿ ಒಬ್ಬ ಮುದುಕ ಪಂಡಿತನಿಗೆ ತನ್ನ ಕಥೆ ಹೇಳುತ್ತಿರುತ್ತಾಳೆ, ನಾವು ಅದರ ನಡುವೆ ಬೇರೆಯವರ ಬಾಯಲ್ಲಿ ಅದೇ ಘಟನೆ ಕೇಳುತ್ತೇವೆ. ಇದು ನನಗೆ ಇಷ್ಟವಾಯಿತು. ಆದರೆ ಬಿಟ್ಟು ಬಿಟ್ಟು ಓದಿದರೆ ಎಳೆ ತಪ್ಪುತ್ತದೆ.

ಇನ್ನೊಂದು ಮಾತು. ಸಿರಿ ಇನ್ನೂ ಚಿಕ್ಕ ಹುಡುಗಿ. ಅವಳ ಮೇಲೆ ನಡೆಯುವ ಕ್ರೌರ್ಯ ತುಂಬ ಜಾಸ್ತಿ, ಬೊನ್‌ಹಾರ್ಟ್ ಎಂಬವನು ಬರುವ ಅಧ್ಯಾಯಗಳಲ್ಲಿ ನಾನು ಎರಡು ಸಲ ಪುಸ್ತಕ ಮುಚ್ಚಿಟ್ಟೆ. ಹಳೆಯ ಕಥೆಗಳಲ್ಲಿ ಹೆಂಗಸರ ಮೈಯ ವರ್ಣನೆ ಅಗತ್ಯಕ್ಕಿಂತ ಹೆಚ್ಚಿದೆ, ಅದು ನನಗೆ ಹಿಡಿಸಲಿಲ್ಲ. ಹೈಸ್ಕೂಲ್ ಮಕ್ಕಳಿಗೆ ಕೊಡುವ ಪುಸ್ತಕ ಇದಲ್ಲ. ಆದರೆ ಯುದ್ಧವನ್ನು ಇವರು ಎಲ್ಲಿಯೂ ಚಂದ ಮಾಡಿ ತೋರಿಸುವುದಿಲ್ಲ. ಬ್ರೆನ್ನಾದ ದೊಡ್ಡ ಕದನವನ್ನು ಅರ್ಧದಷ್ಟು ನಾವು ನೋಡುವುದು ಒಂದು ಆಸ್ಪತ್ರೆಯ ಡೇರೆಯೊಳಗಿಂದ. ಅಲ್ಲಿ ರಸ್ಟಿ ಎಂಬ ವೈದ್ಯ, ಹಾಫ್‌ಲಿಂಗ್ ಎಂಬ ಇನ್ನೊಂದು ಗಿಡ್ಡ ಜನಾಂಗದವನು, ಯಾವ ಕಡೆಯ ಸೈನಿಕ ಅಂತ ನೋಡದೆ ಕೊಯ್ಯುತ್ತಾ, ಹೊಲಿಯುತ್ತಾ ಇರುತ್ತಾನೆ.

ಪುಸ್ತಕದ ಪ್ರತಿಗಳ ಬಗ್ಗೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಸಂಪುಟದಲ್ಲಿ 16 ಪುಟ ಎರಡೆರಡು ಸಲ ಬಂದಿದ್ದವು, ಮುಂದಿನ 16 ಇರಲೇ ಇಲ್ಲ. ಅದು ಗೊತ್ತಾಗಿದ್ದು ಓದುತ್ತಾ ಅಲ್ಲಿಗೆ ತಲುಪಿದಾಗ. ಮಾರಿದವರ ಹತ್ತಿರ ಬದಲಿ ಪ್ರತಿ ತರಿಸಲು ಮೂರು ವಾರ ಹಿಡಿಯಿತು, ಕಥೆಯ ಅತ್ಯಂತ ಬಿಗಿಯಾದ ಜಾಗದಲ್ಲಿ ಮೂರು ವಾರ. ತಂದ ದಿನವೇ ಪುಟ ತಿರುಗಿಸಿ ನೋಡಿ. ಪೇಪರ್‌ಬ್ಯಾಕ್‌ಗಳ ಅಕ್ಷರ ಚಿಕ್ಕದು, ಎರಡನೇ ಓದಿನಲ್ಲಿ ಮೂರು ಪುಸ್ತಕಗಳನ್ನು ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದಿದೆ. ಆಡಿಯೋಬುಕ್ ಪೀಟರ್ ಕೆನ್ನಿ ಅವರ ದನಿಯಲ್ಲಿದೆ. ಒಬ್ಬರೇ ಅಷ್ಟೂ ಪಾತ್ರಗಳಿಗೆ ಬೇರೆ ಬೇರೆ ದನಿ ಕೊಡುತ್ತಾರೆ. ಹೆಸರುಗಳನ್ನು ಹೇಗೆ ಅನ್ನಬೇಕು ಅನ್ನುವ ತೊಂದರೆಯೂ ತಪ್ಪುತ್ತದೆ. ಬಸ್ಸಿನಲ್ಲಿ ದಿನಾ ಒಂದು ಗಂಟೆ ಕಳೆಯುವವರಿಗೆ ಇದನ್ನೇ ಹೇಳುತ್ತೇನೆ.

ಉಳಿದ ಎರಡು ಪುಸ್ತಕ. 'ಸೀಸನ್ ಆಫ್ ಸ್ಟಾರ್ಮ್ಸ್' ಪೋಲಿಶ್‌ನಲ್ಲಿ 2013ರಲ್ಲಿ, ಇಂಗ್ಲಿಷಿನಲ್ಲಿ 2018ರಲ್ಲಿ ಬಂತು. ಕಥೆ ನಡೆಯುವುದು ಕಾದಂಬರಿಗಳಿಗಿಂತ ಹಿಂದೆ. ಆದರೂ ಐದೂ ಮುಗಿಸಿ ಆಮೇಲೆ ಓದಿ, ಕೊನೆಯ ಪುಟಗಳಿಗೆ ಅರ್ಥ ಬರುವುದು ಆಗಲೇ. 'ಕ್ರಾಸ್‌ರೋಡ್ಸ್ ಆಫ್ ರೇವನ್ಸ್' 2024ರಲ್ಲಿ ಪೋಲಿಶ್‌ನಲ್ಲಿ, ಮರುವರ್ಷ ಇಂಗ್ಲಿಷಿನಲ್ಲಿ ಬಂದಿದೆ. ಅದರಲ್ಲಿ ಗೆರಾಲ್ಟ್ ಇನ್ನೂ ಹದಿಹರೆಯದ ಹುಡುಗ, ಕಸುಬಿಗೆ ಹೊಸಬ. ಚಿಕ್ಕ ಪುಸ್ತಕ, ಎರಡು ರಜಾದಿನಕ್ಕೆ ಮುಗಿಯಿತು. ಹೊಸಬರು ಇದರಿಂದ ಶುರು ಮಾಡಬಹುದಾ ಅಂತ ಕೇಳುತ್ತಾರೆ. ಬೇಡ. ಇವನು ಮುಂದೆ ಏನಾಗುತ್ತಾನೆ ಅಂತ ಗೊತ್ತಿದ್ದರೇ ಈ ಹುಡುಗನ ತಪ್ಪುಗಳು ಕಣ್ಣಿಗೆ ಬೀಳುವುದು.

ಹೋದ ತಿಂಗಳು ಆಫೀಸಿನ ಗೆಳತಿಯೊಬ್ಬಳು ಓದಲು ಕೇಳಿದಳು. 'ದಿ ಲಾಸ್ಟ್ ವಿಶ್' ಒಂದು ಸಾಕು, ಹಿಡಿಸಿದರೆ ಮುಂದಿನದು ಕೇಳುತ್ತೇನೆ ಅಂದಳು. ನಾನು ಎರಡು ಸಂಕಲನಗಳನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. 'ಬ್ಲಡ್ ಆಫ್ ಎಲ್ವ್ಸ್' ನನ್ನ ಮೇಜಿನ ಖಾನೆಯಲ್ಲಿದೆ, ಅವಳು ಆ ಎರಡನ್ನೂ ವಾಪಸ್ ತಂದ ದಿನ ಕೊಡಲಿಕ್ಕೆ.